ಯಾರ್ಡ್ ಕ್ರೇನ್‌ಗಳ ಸರದಿ ನಿಯೋಜನೆ

ಕಂಟೇನರ್ ಟರ್ಮಿನಲ್ ಒಂದರ ಅಂಗಳದಲ್ಲಿ, ಅಂದರೆ ಯಾರ್ಡಿನಲ್ಲಿ, ಯಾವ ಕ್ರೇನ್ ಯಾವ ಹೊತ್ತಿಗೆ ಯಾವ ಬ್ಲಾಕಿನಲ್ಲಿರಬೇಕು, ಅಲ್ಲಿ ಯಾವ ಪೆಟ್ಟಿಗೆಯನ್ನು ಮೊದಲು ಎತ್ತಬೇಕು ಎಂದು ಗೊತ್ತುಮಾಡುವ ಕೆಲಸವೇ ಯಾರ್ಡ್ ಕ್ರೇನ್‌ಗಳ ಸರದಿ ನಿಯೋಜನೆ. 1956ರ ಏಪ್ರಿಲ್ 26ರಂದು ಮಾಲ್ಕಂ ಮೆಕ್ಲೀನ್ ಅವರ ‘ಐಡಿಯಲ್ ಎಕ್ಸ್’ ಹಡಗು 58 ಪೆಟ್ಟಿಗೆಗಳನ್ನು ಹೊತ್ತು ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಾಗ ಇದು ಯಾರನ್ನೂ ಕಾಡಿರಲಾರದು. ಇಂದು ಒಂದೇ ದೊಡ್ಡ ಹಡಗು ಒಂದು ಭೇಟಿಯಲ್ಲಿ ಸಾವಿರಾರು ಪೆಟ್ಟಿಗೆಗಳನ್ನು ಇಳಿಸಿ, ಸಾವಿರಾರನ್ನು ಹೇರಿಕೊಂಡು ಹೋಗುತ್ತದೆ. ಅವನ್ನು ತರುವ, ಒಯ್ಯುವ ಲಾರಿ ಮತ್ತು ರೈಲುಗಳು ಮಾತ್ರ ದಿನಗಟ್ಟಲೆ ಚದುರಿಕೊಂಡು ಬರುತ್ತವೆ. ಈ ಎರಡು ವೇಗಗಳ ನಡುವಿನ ಅಂತರವನ್ನು ತಾಳಿಕೊಳ್ಳಬೇಕಾದದ್ದು ಯಾರ್ಡ್. ಅಲ್ಲಿನ ಕ್ರೇನ್‌ಗಳ ದಕ್ಷತೆಯನ್ನು ಗಂಟೆಗೆ ಎಷ್ಟು ಪೆಟ್ಟಿಗೆ ಎತ್ತಿದವು ಎಂಬ ಲೆಕ್ಕದಿಂದ ಅಳೆಯುವ ರೂಢಿ ವ್ಯಾಪಕವಾಗಿದೆ. ಆದರೆ ಆ ಲೆಕ್ಕ ದಾರಿ ತಪ್ಪಿಸುತ್ತದೆ. ಹಡಗೂ ಲಾರಿಯೂ ಎಷ್ಟು ಹೊತ್ತು ಕಾದವು ಎಂಬುದೇ ಸರಿಯಾದ ಅಳತೆ; ಆ ಅಳತೆಯನ್ನು ಒಪ್ಪಿಕೊಂಡರೆ ಕ್ರೇನಿನ ಸರದಿಯ ಬಹುಪಾಲು, ಪೆಟ್ಟಿಗೆಯನ್ನು ಮೊದಲ ಸಲ ಎಲ್ಲಿ ಇಟ್ಟರು ಎಂಬಲ್ಲಿಯೇ ನಿರ್ಧಾರವಾಗಿಬಿಟ್ಟಿರುತ್ತದೆ ಎಂಬುದೂ ಕಾಣುತ್ತದೆ.

ಏಷ್ಯಾದ ಬಹುಪಾಲು ಟರ್ಮಿನಲ್‌ಗಳಲ್ಲಿ ಕಾಣುವುದು ರಬ್ಬರ್ ಚಕ್ರದ ಗ್ಯಾಂಟ್ರಿ ಕ್ರೇನ್. ಅದರ ಕಾಲುಗಳ ನಡುವೆ ಸಾಮಾನ್ಯವಾಗಿ ಆರು ಸಾಲು ಪೆಟ್ಟಿಗೆಗಳು, ಪಕ್ಕದಲ್ಲಿ ಲಾರಿಗೆ ಒಂದು ಓಣಿ. ಪೆಟ್ಟಿಗೆಗಳು ನಾಲ್ಕೈದು ಎತ್ತರಕ್ಕೆ ಪೇರಿರುತ್ತವೆ. ಇಪ್ಪತ್ತು ಅಡಿಯ ಪೆಟ್ಟಿಗೆ ಹಿಡಿಯುವ ಒಂದು ಅಡ್ಡಪಟ್ಟಿಗೆ ‘ಬೇ’ ಎಂದು ಹೆಸರು. ಮೂವತ್ತು ಬೇಗಳ ಬ್ಲಾಕ್ ಸುಮಾರು ಇನ್ನೂರು ಮೀಟರ್ ಉದ್ದವಿರುತ್ತದೆ. ಕ್ರೇನ್ ಈ ತುದಿಯಿಂದ ಆ ತುದಿಗೆ ಹೋಗಲು ಒಂದೂವರೆ, ಎರಡು ನಿಮಿಷ ಬೇಕು. ಒಂದು ಪೆಟ್ಟಿಗೆಯನ್ನು ಎತ್ತಿ ಲಾರಿಯ ಮೇಲಿಡಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಓಡಾಟ ಮತ್ತು ಕೆಲಸ ಹೀಗೆ ಸರಿಸಮ ತೂಗುವುದರಿಂದಲೇ ಯಾವುದು ಮೊದಲು ಎಂಬ ಪ್ರಶ್ನೆಗೆ ಬೆಲೆ ಬರುತ್ತದೆ. ಪಕ್ಕದ ಬ್ಲಾಕಿಗೆ ಹೋಗುವುದಂತೂ ಇನ್ನೂ ದುಬಾರಿ: ಕ್ರೇನ್ ನಿಂತು, ಚಕ್ರಗಳನ್ನು ತೊಂಬತ್ತು ಡಿಗ್ರಿ ತಿರುಗಿಸಿ, ಅಡ್ಡ ದಾಟಿ, ಮತ್ತೆ ತಿರುಗಿಸಬೇಕು. ಅಷ್ಟು ಹೊತ್ತೂ ಆ ಓಣಿಯ ಲಾರಿಗಳೆಲ್ಲ ನಿಲ್ಲಬೇಕು.

ಒಂದು ಸಣ್ಣ ಲೆಕ್ಕ ನೋಡಬಹುದು. ಕ್ರೇನ್ 3ನೇ ಬೇಯಲ್ಲಿದೆ. 30ನೇ ಬೇಯಲ್ಲಿ ಹೊರಗಿನ ಲಾರಿಯೊಂದು ಆಗಲೇ ಬಂದು ನಿಂತಿದೆ. ಇನ್ನೊಂದು ನಿಮಿಷಕ್ಕೆ 3ನೇ ಬೇಯ ಬಳಿ, ಹಡಗಿಗೆ ಹೇರಬೇಕಾದ ಪೆಟ್ಟಿಗೆಗಾಗಿ ಒಳಗಿನ ಲಾರಿ ಬರಲಿದೆ. ಕ್ರೇನ್ ಸುಮ್ಮನಿರಬಾರದೆಂದು 30ಕ್ಕೆ ಹೋದರೆ, ಹೋಗಲು ಒಂದೂವರೆ ನಿಮಿಷ, ಎತ್ತಲು ಎರಡು, ಮರಳಲು ಒಂದೂವರೆ, ಒಟ್ಟು ಐದು. ಹಡಗಿನ ಲಾರಿ ನಾಲ್ಕು ನಿಮಿಷ ಕಾಯಿತು. ಧಕ್ಕೆಯ ಮೇಲಿನ ಕ್ರೇನ್ ಗಂಟೆಗೆ ಮೂವತ್ತು, ಅಂದರೆ ಎರಡು ನಿಮಿಷಕ್ಕೊಂದು ಪೆಟ್ಟಿಗೆ ಎತ್ತುವಂಥದ್ದಾದರೆ, ಅದು ಎರಡು ಪೆಟ್ಟಿಗೆಗಳ ಹೊತ್ತು ಖಾಲಿ ನಿಲ್ಲಬೇಕಾಗಬಹುದು. ಇಲ್ಲಿ ಯಾರ್ಡ್ ಕ್ರೇನ್ ಒಂದು ನಿಮಿಷ ಕೈಕಟ್ಟಿ ನಿಲ್ಲುವುದೇ ಹಡಗಿಗೆ ಒಳ್ಳೆಯದು. ಎತ್ತಿದ ಲೆಕ್ಕವನ್ನಷ್ಟೇ ನೋಡುವ ಮೇಲ್ವಿಚಾರಕನ ಕಣ್ಣಿಗೆ ಆ ನಿಮಿಷ ಸೋಮಾರಿತನವಾಗಿ ಕಾಣುತ್ತದೆ.

ಹಾಗಾದರೆ ಗಣಕಯಂತ್ರಕ್ಕೆ ಒಪ್ಪಿಸಿ ಅತ್ಯುತ್ತಮ ಸರದಿಯನ್ನೇ ತೆಗೆಯಬಹುದಲ್ಲ ಎಂದು ಕೇಳಬಹುದು. ದಕ್ಷಿಣ ಕೊರಿಯಾದ ಕಿಮ್ ಕಾಪ್ ಹ್ವಾನ್ ಮತ್ತು ಸಂಗಡಿಗರು 1990ರ ದಶಕದಿಂದಲೇ ಕ್ರೇನ್ ಓಡಾಟದ ಗಣಿತವನ್ನು ಬೆಳೆಸಿದರು. 2005ರಲ್ಲಿ ಹಾಂಗ್‌ಕಾಂಗಿನ ಎನ್‌ಜಿ ಮತ್ತು ಮಾಕ್, ಲಾರಿಗಳು ಬರುವ ಹೊತ್ತು ಬೇರೆಬೇರೆ ಇರುವಾಗ ಒಂದೇ ಕ್ರೇನಿನ ಸರದಿಯೂ ಎಷ್ಟು ಕಠಿಣ ವರ್ಗದ ಸಮಸ್ಯೆ ಎಂದು ತೋರಿಸಿದರು. ಹತ್ತು ಕೆಲಸಗಳನ್ನು 36,28,800 ಬಗೆಯ ಸರದಿಯಲ್ಲಿ ಇಡಬಹುದು. ಇಪ್ಪತ್ತಾದರೆ ಆ ಸಂಖ್ಯೆ ಎರಡರ ಮುಂದೆ ಹದಿನೆಂಟು ಅಂಕಿಗಳಷ್ಟು ಉದ್ದ. ಜಾಣ ವಿಧಾನಗಳು ಇವುಗಳಲ್ಲಿ ಬಹುಪಾಲನ್ನು ನೋಡದೆಯೇ ತಳ್ಳಿಹಾಕಬಲ್ಲವು, ನಿಜ. ನಿಜವಾದ ತೊಡಕು ಬೇರೆ ಕಡೆಯಿದೆ. ಲಾರಿ ಒಂದು ನಿಮಿಷಕ್ಕೆ ಬರುತ್ತದೆಂಬುದು ಊಹೆ. ಅದು ಮೂರು ನಿಮಿಷಕ್ಕೆ ಬಂದರೆ ಕಷ್ಟಪಟ್ಟು ಹುಡುಕಿದ ಅತ್ಯುತ್ತಮ ಸರದಿ ಆ ಕ್ಷಣವೇ ಹಳತಾಯಿತು. ಆದ್ದರಿಂದ ಮುಂದಿನ ಕೆಲವೇ ಕೆಲಸಗಳನ್ನು ನೋಡಿ, ಹೊಸ ಸುದ್ದಿ ಬಂದಾಗಲೆಲ್ಲ ಮತ್ತೆ ಲೆಕ್ಕ ಹಾಕುವ ಸರಳ ಕ್ರಮ, ಇಡೀ ಪಾಳಿಗೆ ಒಮ್ಮೆ ಬರೆದಿಟ್ಟ ಪರಿಪೂರ್ಣ ಯೋಜನೆಗಿಂತ ಮೇಲು.

ಇನ್ನು ಮೊದಲು ಎಲ್ಲಿ ಇಟ್ಟರು ಎಂಬ ವಿಚಾರ. ಮೇಲಿನ ಪೆಟ್ಟಿಗೆಗಳನ್ನು ಸರಿಸದೆ ಅಡಿಯದನ್ನು ತೆಗೆಯಲಾಗದು. ಮಂಡಿಯಲ್ಲಿ ಅಡಿಗೆ ಬಿದ್ದ ಚೀಲದ ಕಥೆಯೇ ಇಲ್ಲಿಯೂ. n ಪೆಟ್ಟಿಗೆಗಳ ಪೇರಿಯಿಂದ ಯಾವುದೋ ಒಂದನ್ನು ಕೇಳಿದರೆ, ಅದರ ಮೇಲೆ ಸರಾಸರಿ (n-1)/2 ಪೆಟ್ಟಿಗೆಗಳಿರುತ್ತವೆ. ಐದು ಎತ್ತರದ ಪೇರಿಗೆ ಅದು ಎರಡು. ಅಂದರೆ ಒಂದು ಉಪಯುಕ್ತ ಎತ್ತುವಿಕೆಗೆ ಎರಡು ವ್ಯರ್ಥ ಎತ್ತುವಿಕೆ. ಓಡಾಟದ ಸರದಿಯನ್ನು ಎಷ್ಟೇ ನಯಗೊಳಿಸಿದರೂ ಇಷ್ಟು ದೊಡ್ಡ ನಷ್ಟವನ್ನು ಅದು ತುಂಬಿಕೊಡಲಾರದು. ಸರಿಸಿದ ಪೆಟ್ಟಿಗೆಗಳನ್ನು ಎಲ್ಲಿಟ್ಟರೆ ಮುಂದೆ ಅತಿ ಕಡಿಮೆ ಸರಿಸಬೇಕಾಗುತ್ತದೆ ಎಂಬ ಪ್ರಶ್ನೆಯೂ ಅಷ್ಟೇ ಕಠಿಣ ವರ್ಗಕ್ಕೆ ಸೇರಿದ್ದೆಂದು ಕಾಸೆರ್ಟಾ, ಶ್ವಾರ್ಟ್ಸೆ ಮತ್ತು ಫಾಸ್ 2012ರಲ್ಲಿ ಸಾಧಿಸಿದರು. ರಫ್ತಿನ ಪೆಟ್ಟಿಗೆಗಳಲ್ಲಿ ಸ್ವಲ್ಪ ಅನುಕೂಲವಿದೆ: ಭಾರದವು ಹಡಗಿನ ತಳಕ್ಕೆ ಮೊದಲು ಹೋಗುವುದರಿಂದ ಯಾರ್ಡಿನಲ್ಲಿ ಅವನ್ನು ಮೇಲಿಟ್ಟರೆ ಸಾಕು. ಅದಕ್ಕೆ ತೂಕ ನಂಬುವಂತಿರಬೇಕು. 2016ರ ಜುಲೈ 1ರಿಂದ ಅಂತರರಾಷ್ಟ್ರೀಯ ನಿಯಮವು ದೃಢೀಕರಿಸಿದ ತೂಕವಿಲ್ಲದ ಪೆಟ್ಟಿಗೆಯನ್ನು ಹಡಗಿಗೆ ಹೇರಬಾರದೆಂದಿತು. ಹಡಗಿನ ಸುರಕ್ಷತೆಗಾಗಿ ಬಂದ ಈ ನಿಯಮ ಯಾರ್ಡಿನ ಪೇರಿಗಳಿಗೂ ಉಪಕಾರಿಯಾಯಿತು. ಆಮದಿನ ಪೆಟ್ಟಿಗೆಗಳಿಗೆ ಇಂಥ ಸುಳಿವಿಲ್ಲ. ಯಾರ ಲಾರಿ ಯಾವ ದಿನ ಬರುತ್ತದೆಂದು ಇಳಿಸುವಾಗ ಗೊತ್ತಿರುವುದಿಲ್ಲ.

ಈ ವಾದಕ್ಕೆ ಒಳ್ಳೆಯ ಸಾಕ್ಷಿ ಹಾಂಗ್‌ಕಾಂಗ್ ಇಂಟರ್‌ನ್ಯಾಷನಲ್ ಟರ್ಮಿನಲ್ಸ್. ಜಾಗದ ಬರದಿಂದ ಪೇರಿ ಎತ್ತರಿಸಲೇಬೇಕಾಗಿದ್ದ ಆ ಟರ್ಮಿನಲ್‌ಗಾಗಿ ಮಿಷಿಗನ್ ವಿಶ್ವವಿದ್ಯಾಲಯದ ಕಟ್ಟ ಮೂರ್ತಿ ಮತ್ತು ಹಾಂಗ್‌ಕಾಂಗಿನ ಸಂಶೋಧಕರು ರೂಪಿಸಿದ ವ್ಯವಸ್ಥೆಯ ವಿವರಗಳು 2005ರಲ್ಲಿ ಪ್ರಕಟವಾದವು. ಬರುವ ಪ್ರತಿ ಪೆಟ್ಟಿಗೆಗೂ ನಿಖರ ಸ್ಥಾನ ಹುಡುಕುವ ಭಾರೀ ಗಣಿತದ ಬದಲು ಅವರು ಆರಿಸಿಕೊಂಡದ್ದು, ಬ್ಲಾಕುಗಳು ತುಂಬಿರುವ ಪ್ರಮಾಣವನ್ನು ಆದಷ್ಟು ಸಮನಾಗಿಡುವ ನಿಯಮವನ್ನು. ಒಂದೇ ಬ್ಲಾಕಿಗೆ ಲಾರಿಗಳು ಮುಗಿಬೀಳದಿದ್ದರೆ ಅಲ್ಲಿನ ಕ್ರೇನಿನ ಮುಂದೆ ಸಾಲೂ ಬೆಳೆಯದು. ಒಳಗಿನ ಲಾರಿಗಳನ್ನು ಒಂದೊಂದು ಧಕ್ಕೆ ಕ್ರೇನಿಗೆ ಕಟ್ಟಿಹಾಕುವುದನ್ನೂ ಬಿಟ್ಟು, ಎಲ್ಲಕ್ಕೂ ಸೇರಿ ಹಂಚಿದರು. ಕ್ರೇನಿನ ಸರದಿಯನ್ನು ಮುಟ್ಟದೆಯೇ ಅದರ ಮೇಲಿನ ಒತ್ತಡವನ್ನು ಇಳಿಸಿದ ಈ ಬಗೆ ನನಗೆ ಈ ಕ್ಷೇತ್ರದ ಅತ್ಯಂತ ಪ್ರಬುದ್ಧ ಚಿಂತನೆ ಎನಿಸುತ್ತದೆ.

ಕ್ರೇನ್‌ಗಳನ್ನೇ ಹೆಚ್ಚಿಸಿದರೆ ಇಷ್ಟೆಲ್ಲ ತಲೆನೋವೇಕೆ ಎಂಬ ಆಕ್ಷೇಪಕ್ಕೆ ಉತ್ತರ ನೆಲದಲ್ಲಿಯೇ ಇದೆ. ಒಂದೇ ಓಣಿಯ ಎರಡು ಕ್ರೇನ್‌ಗಳು ಒಂದನ್ನೊಂದು ದಾಟಲಾರವು. ನಡುವೆ ಸುರಕ್ಷಿತ ಅಂತರವೂ ಬೇಕು. ಹೀಗಾಗಿ ಎರಡನೆಯದು ಮೊದಲನೆಯದಕ್ಕೆ ಅಡ್ಡ ನಿಲ್ಲುವ ಹೊತ್ತೂ ಲೆಕ್ಕಕ್ಕೆ ಬರುತ್ತದೆ, ಮೂರನೆಯದರಿಂದ ಸಿಗುವ ಲಾಭ ಅತ್ಯಲ್ಪ. 2002ರಲ್ಲಿ ತೆರೆದ ಹ್ಯಾಂಬರ್ಗಿನ ಆಲ್ಟನ್‌ವೆರ್ಡರ್ ಟರ್ಮಿನಲ್ ಈ ತಡೆಯನ್ನು ಉಕ್ಕಿನಿಂದಲೇ ಮುರಿಯಿತು: ಪ್ರತಿ ಬ್ಲಾಕಿನಲ್ಲೂ ಬೇರೆಬೇರೆ ಹಳಿಗಳ ಮೇಲೆ ಒಂದು ಸಣ್ಣ, ಒಂದು ದೊಡ್ಡ ಸ್ವಯಂಚಾಲಿತ ಕ್ರೇನ್, ದೊಡ್ಡದು ಸಣ್ಣದರ ಮೇಲಿಂದಲೇ ಹಾದುಹೋಗುತ್ತದೆ. ಬಿಡುವಿನಲ್ಲಿ ಈ ಯಂತ್ರಗಳು ಮುಂದೆ ಬೇಕಾಗುವ ಪೆಟ್ಟಿಗೆಗಳನ್ನು ತಾವಾಗಿಯೇ ಮುಂದಕ್ಕೆ ತಂದಿಡಬಲ್ಲವು. ಆದರೆ ಹಾಗೆ ತಂದಿಡಲು ಯಾವುದು ಮುಂದೆ ಬೇಕು ಎಂದು ತಿಳಿದಿರಬೇಕು. ಸ್ವಯಂಚಾಲನೆ ಕೈಯ ವೇಗವನ್ನು ಹೆಚ್ಚಿಸುತ್ತದೆ, ಸುದ್ದಿಯ ಕೊರತೆಯನ್ನು ನೀಗುವುದಿಲ್ಲ. ಕೇರಳದ ವಿಳಿಞಂನಲ್ಲಿ ಸ್ಥಳೀಯ ಹೆಣ್ಣುಮಕ್ಕಳು ದೂರದ ನಿಯಂತ್ರಣ ಕೊಠಡಿಯಲ್ಲಿ ಕುಳಿತು ಯಾರ್ಡ್ ಕ್ರೇನ್‌ಗಳನ್ನು ನಡೆಸುತ್ತಿದ್ದಾರೆ. ಅಲ್ಲಿಯೂ ಅವರ ಪರದೆಯ ಮೇಲೆ ಬರುವ ಸರದಿ, ಅದರ ಹಿಂದಿರುವ ಮಾಹಿತಿಯಷ್ಟೇ ಒಳ್ಳೆಯದಾಗಿರಬಲ್ಲದು.

ಹೆಚ್ಚು ಗಂಭೀರವಾದ ಆಕ್ಷೇಪ ನ್ಯಾಯದ್ದು. ಹಡಗಿನ ಲಾರಿಗೆ ಸದಾ ಆದ್ಯತೆ ಕೊಟ್ಟರೆ ಹೊರಗಿನ ಲಾರಿ ಚಾಲಕ ಗಂಟೆಗಟ್ಟಲೆ ಬಿಸಿಲಲ್ಲಿ ಕಾಯಬೇಕೇ? ಆತನಿಗೆ ಸುತ್ತಿಗಿಷ್ಟು ಎಂದು ದುಡ್ಡು ಬರುವಲ್ಲಿ ಆ ಕಾಯುವಿಕೆಯ ನಷ್ಟವೆಲ್ಲ ಅವನ ತಲೆಗೇ. ಹಡಗಿನ ಗಂಟೆ ದುಬಾರಿ ಎಂಬ ಕಾರಣಕ್ಕೆ ಅವನ ಗಂಟೆಗೆ ಸೊನ್ನೆ ಬೆಲೆ ಕಟ್ಟುವ ಲೆಕ್ಕ ತಪ್ಪು. ಕ್ಯಾಲಿಫೋರ್ನಿಯಾ 2002ರಲ್ಲಿ ಕಾನೂನು ಮಾಡಿ, ಲಾರಿಗಳು ಎಂಜಿನ್ ಚಾಲೂ ಇಟ್ಟು ಅರ್ಧ ಗಂಟೆಗಿಂತ ಹೆಚ್ಚು ಕಾಯುವಂತೆ ಮಾಡುವ ಟರ್ಮಿನಲ್‌ಗಳಿಗೆ ದಂಡ ಗೊತ್ತುಮಾಡಿತು. ಮುಂಗಡ ಸಮಯ ಕೊಡುವ ಅಥವಾ ಗೇಟನ್ನು ಹೆಚ್ಚು ಹೊತ್ತು ತೆರೆದಿಡುವ ಟರ್ಮಿನಲ್‌ಗಳಿಗೆ ವಿನಾಯಿತಿ ಇತ್ತು. ಬಂದವರಿಗೆ ಬಂದ ಸರದಿಯಲ್ಲೇ ಕೊಡುವುದು ನ್ಯಾಯವಾಗಿ ಕಂಡರೂ ಕ್ರೇನನ್ನು ಬ್ಲಾಕಿನ ಉದ್ದಕ್ಕೂ ವ್ಯರ್ಥವಾಗಿ ಓಡಿಸಿ ಎಲ್ಲರ ಕಾಯುವಿಕೆಯನ್ನೂ ಹೆಚ್ಚಿಸುತ್ತದೆ. ಹತ್ತಿರದ ಕೆಲಸ ಮೊದಲು ಎಂದರೆ ದೂರದ ಬೇಯ ಲಾರಿ ಮರೆತೇಹೋಗುತ್ತದೆ. ಹತ್ತಿರದ್ದಕ್ಕೆ ಆದ್ಯತೆ ಕೊಡುತ್ತಲೇ, ಯಾವ ಲಾರಿಯೂ ಇಂತಿಷ್ಟು ನಿಮಿಷಕ್ಕಿಂತ ಹೆಚ್ಚು ಕಾಯಬಾರದೆಂಬ ಮಿತಿಯನ್ನು ಸರದಿಯ ಲೆಕ್ಕದೊಳಗೇ ಸೇರಿಸುವುದು ಸಾಧ್ಯ. ಮುಂಗಡ ಸಮಯದ ಪದ್ಧತಿ ಇದ್ದಲ್ಲಿ ಯಾವ ಆಮದು ಪೆಟ್ಟಿಗೆ ಯಾವಾಗ ಹೋಗುತ್ತದೆಂಬ ಸುಳಿವೂ ಮೊದಲೇ ಸಿಗುತ್ತದೆ. ಗೋಡಂಬಿ, ಕಾಫಿಗಳ ಪೆಟ್ಟಿಗೆಗಳನ್ನು ಕಳುಹಿಸುವ ನವಮಂಗಳೂರಿನಂಥ ಸಣ್ಣ ಪ್ರಮಾಣದ ಕಂಟೇನರ್ ಬಂದರಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿ ಕ್ರೇನ್‌ಗಳು ಪರಸ್ಪರ ಅಡ್ಡ ಬರುವ ಸಂದರ್ಭ ಕಡಿಮೆ. ಆದರೆ ಲಾರಿ ಹೊರಡುವ ಹೊತ್ತು ಮೊದಲೇ ತಿಳಿದರೆ ಸಿಗುವ ಲಾಭ ದೊಡ್ಡ ಬಂದರಿನದಕ್ಕಿಂತ ಕಡಿಮೆಯೇನಲ್ಲ, ಅದಕ್ಕೆ ಹೊಸ ಕ್ರೇನನ್ನೂ ಕೊಳ್ಳಬೇಕಾಗಿಲ್ಲ.