ಹಾಡು ಹಿಡಿದ ಕೋಣೆಗಳು: ಕಹಳೆಯಿಂದ ಮೊಬೈಲಿನವರೆಗೆ

ನಮ್ಮ ರಾಯದುರ್ಗ, ಮಡಕಶಿರಾ ಕಡೆಯ ಕನ್ನಡ ಶಾಲೆಗಳಲ್ಲಿ ಪದ್ಯವನ್ನು ಹಾಡಿಸಿ ಕಲಿಸುತ್ತೇವೆ. ಒಮ್ಮೆ ಒಂದು ಹಾಡನ್ನು ಮನೆಯಲ್ಲೇ ಮೊಬೈಲಿನಲ್ಲಿ ಹಿಡಿದು ತರಗತಿಯಲ್ಲಿ ಕೇಳಿಸಿದೆ. ಹಾರ್ಮೋನಿಯಂ ಚೆನ್ನಾಗಿ ಬಂದಿತ್ತು, ತಬಲಾ ಚೆನ್ನಾಗಿ ಬಂದಿತ್ತು, ಸಾಹಿತ್ಯವೇ ಬಂದಿರಲಿಲ್ಲ! 'ಶಾಂತಿ' ಎಂದದ್ದನ್ನು ಹುಡುಗರು 'ಸಂತೆ' ಎಂದು ಬರೆದರು. ದಿನವಿಡೀ ಹೊರಗೆ ತೆಲುಗು ಕೇಳುವ ಮಕ್ಕಳಿಗೆ ಹಾಡೇ ಉಕ್ತಲೇಖನ. ಅದರಲ್ಲಿ ಅಕ್ಷರ ಮುಳುಗಿದರೆ ಪಾಠವೇ ಮುಳುಗಿದ ಹಾಗೆ.

ಈ ತೊಡಕು ಹೊಸದಲ್ಲ. 1902ರ ನವೆಂಬರಿನಲ್ಲಿ ಕಲ್ಕತ್ತೆಯ ಹೋಟೆಲ್ ಕೋಣೆಯೊಂದರಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡ. (ಈಕೆ ಕೊನೆಗಾಲದಲ್ಲಿ ಮೈಸೂರು ಅರಮನೆಯ ಗಾಯಕಿಯಾಗಿ, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.) ಆಗ ಮೈಕ್ ಇರಲಿಲ್ಲ. ದನಿ ಕಹಳೆಯೊಳಗೆ ಹೊಕ್ಕು, ಸೂಜಿಯನ್ನು ಅಲುಗಿಸಿ, ಮೇಣದ ತಟ್ಟೆಯ ಮೇಲೆ ಗೀರು ಮೂಡಿಸುತ್ತಿತ್ತು. ಈಗ ನಾವು ಮಿಕ್ಸಿಂಗ್ ಎನ್ನುವುದನ್ನು ಆಗ ಕಾಲಿನಿಂದಲೇ ಮಾಡುತ್ತಿದ್ದರು. ಮೆಲುದನಿಯವರು ಕಹಳೆಯ ಬಾಯಿಗೆ ಹತ್ತಿರ, ಜೋರು ವಾದ್ಯದವರು ದೂರ. ತಪ್ಪಿದರೆ ಮೊದಲಿಂದ ಹಾಡಬೇಕು. 1925ರ ಹೊತ್ತಿಗೆ ಮೈಕ್ ಬಂದ ಮೇಲೆ ಮೆಲ್ಲನೆ ಹಾಡುವವರಿಗೂ ಕಾಲ ಬಂತು.

1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಸೂಚಿಸಿದವರು ನಾ. ಕಸ್ತೂರಿ ಎನ್ನುತ್ತಾರೆ. ಕಸ್ತೂರಿಯವರು ಆಮೇಲೆ ಪುಟ್ಟಪರ್ತಿಯಲ್ಲಿ ನೆಲೆಸಿದರು. 2022ರಿಂದ ಮಡಕಶಿರಾ ಕೂಡ ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಆದ್ದರಿಂದ ಕಸ್ತೂರಿ ನಮ್ಮವರು ಎಂದರೆ ತಪ್ಪೇನಿಲ್ಲ, ಬಿಡಿ.

ಅಮೆರಿಕದ ಲೆಸ್ ಪಾಲ್ ಮನೆಯ ಗ್ಯಾರೇಜಿನಲ್ಲಿ ಗಿಟಾರಿನ ಮೇಲೆ ಗಿಟಾರ್ ಸೇರಿಸಿ, ಒಬ್ಬನೇ ಒಂದು ಮೇಳವಾಗಿ 1948ರಲ್ಲಿ ತಟ್ಟೆ ಹೊರತಂದ. ನಮಗೆ ಹತ್ತಿರದ್ದು ಕ್ಯಾಸೆಟ್ಟು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ರಾಯದುರ್ಗ ತಾಲ್ಲೂಕು ಆಂಧ್ರಕ್ಕೆ ಹೋಯಿತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ಟಾಗಿ ಬಂತು. ಅನಂತಸ್ವಾಮಿಯವರ ಹಾಡುಗಾರಿಕೆಯಲ್ಲಿ ವಾದ್ಯ ಎಂದೂ ಕವಿತೆಯ ಮೇಲೆ ಹತ್ತಿ ಕೂರುವುದಿಲ್ಲ. ನನ್ನ ಮಟ್ಟಿಗೆ ಅದೇ ಪಠ್ಯ.

ಹಾರ್ಮೋನಿಯಂ ಮತ್ತು ಹಾಡುವವರ ದನಿ ಹೆಚ್ಚುಕಡಿಮೆ ಒಂದೇ ಸ್ಥಾಯಿಯಲ್ಲಿರುತ್ತವೆ. ಎರಡೂ ಒಟ್ಟಿಗೆ ಓಡಿದರೆ ವ್ಯಂಜನಗಳು ಮುಚ್ಚಿಹೋಗುತ್ತವೆ. ಈಗ ಹಾರ್ಮೋನಿಯಂ ಅನ್ನು ನಾಲ್ಕು ಹೆಜ್ಜೆ ದೂರ ಇಡಿಸುತ್ತೇನೆ, ಸಾಲು ಮುಗಿದ ಸಂದಿನಲ್ಲಿ ಮಾತ್ರ ನುಡಿಸಿರಿ ಎನ್ನುತ್ತೇನೆ. ತಬಲಾ ಪಕ್ಕಕ್ಕೆ. ಮೊಬೈಲ್ ಹಾಡುವ ಮಗುವಿನ ಹತ್ತಿರ, ಆದರೆ ಉಸಿರು ನೇರ ಬಡಿಯದ ಹಾಗೆ ಸ್ವಲ್ಪ ಓರೆಯಾಗಿ. ಕಂಪ್ಯೂಟರಿನಲ್ಲಿ ಒಂದು ವಾದ್ಯ ಎಡಕ್ಕೆ, ಇನ್ನೊಂದು ಬಲಕ್ಕೆ ಹಂಚುವ ಕಸರತ್ತು ಬಿಟ್ಟಿದ್ದೇನೆ. ಶಾಲೆಯಲ್ಲಿರುವುದು ಒಂದೇ ಸ್ಪೀಕರ್, ಎಲ್ಲವೂ ಅದರೊಳಗಿಂದಲೇ ಬರಬೇಕು.

ಕೊನೆಯ ಬೆಂಚಿನವರು ಈಗ 'ಶಾಂತಿ' ಎಂದೇ ಬರೆಯುತ್ತಾರೆ. ಒತ್ತಕ್ಷರಗಳು ಇನ್ನೂ ಬಾಕಿ ಇವೆ.