ದತ್ತಾಂಶ ಕೇಂದ್ರಗಳು: ವಿದ್ಯುತ್, ನೀರಿನ ಹೊರೆ ಯಾರ ಹೆಗಲಿಗೆ?

ಅಂತರ್ಜಾಲದ ಮಾಹಿತಿಯನ್ನು ಸಂಗ್ರಹಿಸಿ ಸಂಸ್ಕರಿಸುವ ಸಹಸ್ರಾರು ಗಣಕಯಂತ್ರಗಳು ಹಗಲಿರುಳು ಚಾಲನೆಯಲ್ಲಿರುವ ತಾಣವೇ ದತ್ತಾಂಶ ಕೇಂದ್ರ ಅಥವಾ ಡೇಟಾ ಸೆಂಟರ್. ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಇವು ವಿಶ್ವದ ವಿದ್ಯುತ್ ಬಳಕೆಯ ಸುಮಾರು ಶೇ. 1.5ರಷ್ಟನ್ನು ಬಳಸಿವೆ. ಈ ಪ್ರಮಾಣ ಅಲ್ಪವೆನಿಸಿದರೂ, ಕೇಂದ್ರಗಳು ಕೆಲವೇ ಪ್ರದೇಶಗಳಲ್ಲಿ ಒತ್ತೊತ್ತಾಗಿ ನೆಲೆಗೊಳ್ಳುವುದರಿಂದ ಹೊರೆಯೂ ಅಲ್ಲಿಯೇ ಬೀಳುತ್ತದೆ.

ಐರ್ಲೆಂಡ್ ಇದಕ್ಕೆ ನಿದರ್ಶನ. ಅಲ್ಲಿನ ವಿದ್ಯುತ್ ಬಳಕೆಯಲ್ಲಿ ಇವುಗಳ ಪಾಲು 2015ರಲ್ಲಿ ಶೇ. 5ರಷ್ಟಿತ್ತು. 2023ರಲ್ಲಿ ಅದು ಶೇ. 21ಕ್ಕೇರಿ, ನಗರ ಪ್ರದೇಶದ ಎಲ್ಲ ಮನೆಗಳ ಒಟ್ಟು ಬಳಕೆಯನ್ನೂ ಮೀರಿಸಿತು.

ನವೀಕರಿಸಬಹುದಾದ ಇಂಧನವನ್ನೇ ಖರೀದಿಸುತ್ತಿದ್ದೇವೆ ಎಂಬುದು ಅನೇಕ ಕಂಪನಿಗಳ ಸಮರ್ಥನೆ. ಆದರೆ ಈ ಲೆಕ್ಕ ಸಾಮಾನ್ಯವಾಗಿ ವಾರ್ಷಿಕವಾದುದು. ಗಾಳಿ ಬೀಸದ ರಾತ್ರಿಯಲ್ಲಿ ಅನಿಲ ಸ್ಥಾವರಗಳೇ ಉರಿಯಬೇಕು. ಹೊಸ ತಂತಿಮಾರ್ಗ ಹಾಗೂ ಉಪಕೇಂದ್ರಗಳ ವೆಚ್ಚವನ್ನು ಪ್ರತ್ಯೇಕವಾಗಿ ವಸೂಲು ಮಾಡದಿದ್ದಲ್ಲಿ ಅದು ಸಾಮಾನ್ಯ ಗ್ರಾಹಕರ ಬಿಲ್ಲಿಗೆ ಸೇರುತ್ತದೆ.

ಈ ಹಿನ್ನೆಲೆಯಲ್ಲಿ ಅಮೆರಿಕದ ಒಹಾಯೊ ರಾಜ್ಯದ ನಿಯಂತ್ರಣ ಆಯೋಗವು 2025ರ ಜುಲೈನಲ್ಲಿ ಎಇಪಿ ಒಹಾಯೊ ವಿದ್ಯುತ್ ಕಂಪನಿಯ ವ್ಯಾಪ್ತಿಗೆ ಹೊಸ ನಿಯಮವನ್ನು ಅಂಗೀಕರಿಸಿತು. ಅದರಂತೆ ದೊಡ್ಡ ಹೊಸ ಕೇಂದ್ರಗಳು ತಾವು ಕೋರಿದ ವಿದ್ಯುತ್ತಿನ ಕನಿಷ್ಠ ಶೇ. 85ಕ್ಕೆ, ಬಳಸಲಿ ಬಿಡಲಿ, 12 ವರ್ಷಗಳವರೆಗೆ ಹಣ ತೆರಬೇಕು. ಐರ್ಲೆಂಡ್ ಸಹ 2025ರ ಡಿಸೆಂಬರ್‌ನಲ್ಲಿ ನಿಯಮ ರೂಪಿಸಿದ್ದು, ಹೊಸ ಕೇಂದ್ರಗಳು ಬೇಡಿಕೆಗೆ ಸಮನಾದ ಉತ್ಪಾದನೆ ಅಥವಾ ಸಂಗ್ರಹ ಸಾಮರ್ಥ್ಯವನ್ನು ತಾವೇ ಒದಗಿಸಬೇಕಿದೆ.

ನೀರಿನ ವಿಷಯದಲ್ಲಿ ಮೊದಲ ತೊಡಕೇ ಗೋಪ್ಯತೆ. ಅಮೆರಿಕದ ಆರೆಗನ್ ರಾಜ್ಯದ ದಿ ಡಾಲ್ಸ್ ನಗರಾಡಳಿತವು ಗೂಗಲ್ ಕೇಂದ್ರದ ನೀರಿನ ಬಳಕೆಯನ್ನು ವ್ಯಾಪಾರ ರಹಸ್ಯವೆಂದು ಪರಿಗಣಿಸಿ, ವಿವರ ಕೇಳಿದ ಪತ್ರಿಕೆಯ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿತ್ತು. 2022ರ ಡಿಸೆಂಬರ್‌ನಲ್ಲಿ ವ್ಯಾಜ್ಯ ಬಗೆಹರಿದು ಅಂಕಿಅಂಶ ಬಹಿರಂಗವಾದಾಗ, ನಗರದ ನೀರಿನಲ್ಲಿ ಕಾಲುಭಾಗಕ್ಕೂ ಹೆಚ್ಚು ಆ ಕೇಂದ್ರಕ್ಕೇ ಹೋಗುತ್ತಿದ್ದುದು ತಿಳಿದುಬಂತು. ಬಳಕೆಯೇ ಗೋಪ್ಯವಾಗಿದ್ದರೆ ಬೆಲೆ ಕಟ್ಟುವುದು ಅಸಾಧ್ಯ.

ಒಹಾಯೊ ಮತ್ತು ಐರ್ಲೆಂಡ್‌ಗಳ ನಿಯಮಗಳು ಹೊಸ ಕೇಂದ್ರಗಳಿಗೆ ಮಾತ್ರ ಅನ್ವಯ. ಹಳೆಯವುಗಳ ಹೊರೆ ಹಾಗೆಯೇ ಉಳಿದಿದೆ. ಕರ್ನಾಟಕವೂ 2022ರಲ್ಲಿ ದತ್ತಾಂಶ ಕೇಂದ್ರ ನೀತಿಯನ್ನು ಪ್ರಕಟಿಸಿದೆ. 2024ರ ಬೇಸಿಗೆಯಲ್ಲಿ ಬೆಂಗಳೂರು ಟ್ಯಾಂಕರ್ ನೀರಿಗಾಗಿ ಪರದಾಡಿದೆ. ರಾಜ್ಯದ ವಿದ್ಯುತ್ ದರವನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಸಾರ್ವಜನಿಕ ವಿಚಾರಣೆಯ ಬಳಿಕ ನಿಗದಿಪಡಿಸುತ್ತದೆ. ಹೊರೆ ಯಾರದೆಂಬ ಪ್ರಶ್ನೆಯನ್ನು ಎತ್ತಬೇಕಾದುದು ಅಲ್ಲಿ, ಅದೂ ಸಂಪರ್ಕ ನೀಡುವ ಮುನ್ನ.