ಮದರ್‌ಬೋರ್ಡ್ ಬ್ಯಾಟರಿ

ಕಂಪ್ಯೂಟರಿಗೆ ವಿದ್ಯುತ್ ಇಲ್ಲದಾಗಲೂ ಅದರ ಗಡಿಯಾರವನ್ನು ನಡೆಸುವ, ಹಳೆಯ ಯಂತ್ರಗಳಲ್ಲಿ ಬಯೋಸ್ ಸೆಟ್ಟಿಂಗ್‌ಗಳನ್ನೂ ಉಳಿಸುವ ಸಣ್ಣ ಬ್ಯಾಟರಿ. ಸೀಮಾಸ್ ಬ್ಯಾಟರಿ ಎಂದೂ ಕರೆಯುತ್ತಾರೆ. 1984ರ ಐಬಿಎಂ ಪಿಸಿ ಎಟಿಯಲ್ಲಿ ಇದು 64 ಬೈಟ್ ಮೆಮೊರಿಯ ಗಡಿಯಾರ ಚಿಪ್ಪಿಗೆ ವಿದ್ಯುತ್ ಒದಗಿಸುತ್ತಿತ್ತು. ಇಂದು ಹೆಚ್ಚಾಗಿ ಬಳಸುವುದು 20 ಮಿ.ಮೀ. ವ್ಯಾಸದ, 3 ವೋಲ್ಟ್‌ನ ಸಿಆರ್2032 ಲಿಥಿಯಂ ಬಿಲ್ಲೆ.

ಬ್ಯಾಟರಿ ಮುಗಿದಿರುವ ಲಕ್ಷಣ: ದಿನಾಂಕ ಹಿಂದಕ್ಕೆ ಹೋಗುವುದು; ಪ್ರತಿ ಸಲ ಆನ್ ಮಾಡಿದಾಗಲೂ ಚೆಕ್‌ಸಮ್ ದೋಷದ ಸಂದೇಶ ಬರುವುದು.

ಬದಲಿಸುವ ಕ್ರಮ: ಬಯೋಸ್ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಂಡು, ಯಂತ್ರವನ್ನು ಆಫ್ ಮಾಡಿ ಪ್ಲಗ್ ಕೀಳಬೇಕು. ಕ್ಯಾಬಿನೆಟ್ಟಿನ ಲೋಹದ ಭಾಗ ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ಅಂಚಿನ ಕ್ಲಿಪ್ಪನ್ನು ಒತ್ತಿದರೆ ಬಿಲ್ಲೆ ಮೇಲೇಳುತ್ತದೆ. ಮಲಗಿಸಿ ಕೂರಿಸುವ ಹೋಲ್ಡರ್‌ನಲ್ಲಿ ಸಾಮಾನ್ಯವಾಗಿ ಪ್ಲಸ್ ಗುರುತು ಮೇಲಿರಬೇಕು. ನಂತರ ಬಯೋಸ್‌ನಲ್ಲಿ ದಿನಾಂಕ, ಸಮಯವನ್ನೂ ಹಳೆಯ ಯಂತ್ರಗಳಲ್ಲಿ ಡಿಸ್ಕ್ ವಿವರಗಳನ್ನೂ ಮತ್ತೆ ತುಂಬಬೇಕು.

ಎಚ್ಚರಿಕೆ: 1980–90ರ ದಶಕಗಳ ಕೆಲವು ಬೋರ್ಡ್‌ಗಳಲ್ಲಿ ಬೆಸುಗೆ ಹಾಕಿದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇರುತ್ತದೆ. ಅದು ಸೋರಿದರೆ ಕ್ಷಾರವು ತಾಮ್ರದ ಗೆರೆಗಳನ್ನು ತಿಂದು ಹಸಿರುಗಟ್ಟಿಸುತ್ತದೆ. ಆದ್ದರಿಂದ ಬೇಗ ತೆಗೆಯಬೇಕು. ಆ ಜಾಗಕ್ಕೆ ಚಾರ್ಜ್ ಆಗದ ಲಿಥಿಯಂ ಬಿಲ್ಲೆಯನ್ನು ನೇರವಾಗಿ ಜೋಡಿಸಬಾರದು. ಚಾರ್ಜಿಂಗ್ ಪ್ರವಾಹ ತಡೆಯುವ ಡಯೋಡ್ ಕಡ್ಡಾಯ. ಹಳೆಯ ಬ್ಯಾಟರಿಯನ್ನು ಇ-ತ್ಯಾಜ್ಯಕ್ಕೇ ಕೊಡಬೇಕು. ಬಿಲ್ಲೆ ನುಂಗಿದರೆ ಪ್ರಾಣಾಪಾಯವಿರುವುದರಿಂದ ಮಕ್ಕಳ ಕೈಗೆ ಸಿಗಬಾರದು.